ಒಂದೇ ಗಂಟಿನಲ್ಲಿ ಎರಡು ಚರ್ಮದ ಕ್ಯಾನ್ಸರ್: ವೈರಸ್ ಕಾರಣಾನಾ?

ಪ್ರಶ್ನೆ: ಡಾಕ್ಟ್ರೇ, ಅಪ್ಪನಿಗೆ 71 ವರ್ಷ. ಕಿಡ್ನಿ ಕಸಿ ಆಗಿ 12 ವರ್ಷ ಆಯಿತು. ಕೆನ್ನೆಯ ಗಂಟು ತೆಗೆಸಿದೆವು. ಒಂದೇ ಗಂಟಿನಲ್ಲಿ ಮೆರ್ಕೆಲ್ ಸೆಲ್ ಕ್ಯಾನ್ಸರ್, ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಎರಡೂ ಇವೆ ಅಂತ ರಿಪೋರ್ಟ್ ಬಂದಿದೆ. ಮೆರ್ಕೆಲ್ ಕ್ಯಾನ್ಸರ್ ಒಂದು ವೈರಸ್‌ನಿಂದ ಬರುತ್ತದೆ ಅಂತ ಓದಿದೆ. ಅಮ್ಮ ಅಪ್ಪನ ಟವೆಲ್ ಬೇರೆ ಮಾಡಿದ್ದಾರೆ. ನಮಗೂ ಅಂಟುತ್ತಾ?

ಉತ್ತರ (ಪೆಥಾಲಜಿ ವೈದ್ಯೆ): ಮೊದಲು ಆ ಟವೆಲ್ ವಾಪಸ್ ಇಡಲು ಅಮ್ಮನಿಗೆ ಹೇಳಿ. ಈ ಕ್ಯಾನ್ಸರ್ ಅಂಟುವುದಿಲ್ಲ. ಮೆರ್ಕೆಲ್ ಪಾಲಿಯೋಮಾ ವೈರಸ್ ಬಹುಪಾಲು ದೊಡ್ಡವರ ಚರ್ಮದಲ್ಲಿ ಸುಮ್ನೆ ಇದ್ದೇ ಇರುತ್ತದೆ, ನಿಮ್ಮದರಲ್ಲೂ ಇರಬಹುದು.

ಅಮೆರಿಕದ ಪಿಟ್ಸ್‌ಬರ್ಗ್‌ನ ಯುವಾನ್ ಚಾಂಗ್, ಪ್ಯಾಟ್ರಿಕ್ ಮೂರ್ ತಂಡ 2008ರಲ್ಲಿ ಈ ವೈರಸನ್ನು ಕಂಡುಹಿಡಿಯಿತು. ಅವರು ನೋಡಿದ 10 ಮೆರ್ಕೆಲ್ ಗಡ್ಡೆಗಳಲ್ಲಿ 8ರಲ್ಲಿ ವೈರಸ್ ಇತ್ತು. ಅಪರೂಪಕ್ಕೆ ಅದು ಜೀವಕೋಶದ ಡಿಎನ್‌ಎಗೇ ಸೇರಿಕೊಳ್ಳುತ್ತದೆ. ಆಗ ಅದರ ಪ್ರೋಟೀನ್, ಜೀವಕೋಶದ ಬೆಳವಣಿಗೆಗೆ ಬ್ರೇಕ್ ಹಾಕುವ ಆರ್‌ಬಿ ಪ್ರೋಟೀನನ್ನು ಕಟ್ಟಿಹಾಕುತ್ತದೆ.

ಆದರೆ ಅಪ್ಪನ ಹಾಗೆ ಎರಡೂ ಒಂದೇ ಗಂಟಿನಲ್ಲಿ ಬೆರೆತಿದ್ದರೆ ಕಥೆ ಬೇರೆ. ಅಂಥ ಗಂಟುಗಳಲ್ಲಿ ಸಾಮಾನ್ಯವಾಗಿ ಈ ವೈರಸ್ ಸಿಗುವುದೇ ಇಲ್ಲ. ಸಿಗುವುದು ಬಿಸಿಲು ಡಿಎನ್‌ಎ ಮೇಲೆ ಬಿಟ್ಟ ಗುರುತುಗಳು. ಮೈಕ್ರೋಸ್ಕೋಪ್ ಸ್ಲೈಡಿನಲ್ಲಿ ಒಂದು ಕಡೆ ಕೆರಾಟಿನ್ (ಚರ್ಮ, ಉಗುರನ್ನು ಗಟ್ಟಿ ಮಾಡುವ ಪ್ರೋಟೀನ್) ತುಂಬಿದ ದಪ್ಪ ಗುಲಾಬಿ ಸ್ಕ್ವಾಮಸ್ ಜೀವಕೋಶಗಳು, ಅದಕ್ಕೆ ತಾಗಿಕೊಂಡೇ ಸಣ್ಣ ನೀಲಿ ಮೆರ್ಕೆಲ್ ಜೀವಕೋಶಗಳ ಗುಂಪು. ಎರಡೂ ಒಂದೇ ಬಿಸಿಲುಂಡ ಚರ್ಮದಿಂದ ಹುಟ್ಟಿರಬೇಕು ಅನ್ನಿಸುತ್ತದೆ.

ಸ್ಕ್ವಾಮಸ್‌ಗೆ ಬೇರೆ ವೈರಸ್ ಮೇಲೆ ಅನುಮಾನ ಇದೆ: ಬೀಟಾ ಗುಂಪಿನ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್). ಹುಟ್ಟಿನಿಂದಲೇ ಅದನ್ನು ತಡೆಯಲಾಗದ ಕೆಲವರಲ್ಲಿ 5 ಮತ್ತು 8ನೇ ಬಗೆಗಳು ಬಿಸಿಲು ಬೀಳುವ ಚರ್ಮದಲ್ಲಿ ಕ್ಯಾನ್ಸರ್ ತರುತ್ತವೆ. ಕಸಿ ಆದವರಲ್ಲಿ ಅದು ಶುರುವಿಗಷ್ಟೇ ಕೈ ಜೋಡಿಸಿ ಆಮೇಲೆ ಮಾಯವಾಗುತ್ತದೆ ಅನ್ನುವ ವಾದ ಇದೆ, ಇನ್ನೂ ತೀರ್ಮಾನವಾಗಿಲ್ಲ. ನನ್ನ ಕಣ್ಣಿಗೆ ವೈರಸ್‌ಗಿಂತ ದೊಡ್ಡ ಕಾರಣ, ಕಿಡ್ನಿ ಉಳಿಸಲು ಇಷ್ಟು ವರ್ಷ ರೋಗನಿರೋಧಕ ಶಕ್ತಿ ತಗ್ಗಿಸಿದ ಮಾತ್ರೆಗಳು.

ಪ್ರಶ್ನೆ: ಹಾಗಾದ್ರೆ ಮಾತ್ರೆ ನಿಲ್ಲಿಸೋಣವಾ? ವೈರಸ್ ಟೆಸ್ಟ್ ಮಾಡಿಸಬೇಕಾ?

ಉತ್ತರ: ನೀವಾಗಿ ಖಂಡಿತ ನಿಲ್ಲಿಸಬೇಡಿ, ಕಿಡ್ನಿಯೇ ಹೋಗುತ್ತದೆ. ಡೋಸ್ ತಗ್ಗಿಸಬಹುದಾ, ಸಿರೋಲಿಮಸ್ ಅನ್ನುವ ಇನ್ನೊಂದು ಮಾತ್ರೆಗೆ ಬದಲಿಸಬಹುದಾ ಅಂತ ಕಿಡ್ನಿ ಡಾಕ್ಟರನ್ನು ಕೇಳಿ. ವೈರಸ್ ಟೆಸ್ಟ್‌ನಿಂದ ಈಗಿನ ಚಿಕಿತ್ಸೆ ಬದಲಾಗುವುದಿಲ್ಲ. ಅದಕ್ಕಿಂತ ಕುತ್ತಿಗೆಯ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಪರೀಕ್ಷೆ ಮುಖ್ಯ, ಮೆರ್ಕೆಲ್ ಬೇಗ ಅಲ್ಲಿಗೆ ಹರಡುತ್ತದೆ. ಇಮ್ಯುನೋಥೆರಪಿ (ಕ್ಯಾನ್ಸರ್ ವಿರುದ್ಧ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಚಿಕಿತ್ಸೆ) ಮಾತು ಬಂದರೆ ಕಸಿಯ ವಿಷಯ ಮತ್ತೊಮ್ಮೆ ನೆನಪಿಸಿ. ಆ ಔಷಧಿಯಿಂದ ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸುವ ಅಪಾಯ ಇದೆ.