ಬಾರ್ಬೆಕ್ಯೂ ಸ್ಯಾಂಡ್‌ವಿಚ್: ಕೌಂಟರ್ ಮುಂದೆ ಏನು ಕೇಳಬೇಕು, ಸೈಡ್ಸ್‌ನಲ್ಲಿ ಏನು ನೋಡಬೇಕು?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಅಕ್ಟೋಬರಿನಲ್ಲಿ ನಾಲ್ಕು ಜನ ಕಾರಿನಲ್ಲಿ ನಾರ್ತ್ ಕೆರೊಲಿನಾದಿಂದ ಹೊರಟು ಅಲಬಾಮಾ, ಮೆಂಫಿಸ್ ಹಾದು ಟೆಕ್ಸಸ್ ಮುಟ್ಟುವವರಿದ್ದೇವೆ. ಮಧ್ಯಾಹ್ನದ ಊಟವೆಲ್ಲ ಆಯಾ ಊರಿನ ಬಾರ್ಬೆಕ್ಯೂ ಹೋಟೆಲುಗಳಲ್ಲೇ. ದೊಡ್ಡ ಪ್ಲೇಟ್ ತಗೊಂಡರೆ ಒಂದೇ ಕಡೆ ಹೊಟ್ಟೆ ತುಂಬಿಬಿಡುತ್ತೆ. ಅದಕ್ಕೇ ಒಂದು ಸ್ಯಾಂಡ್‌ವಿಚ್, ಒಂದೆರಡು ಸೈಡ್ಸ್ (ಜೊತೆಗೆ ಕೊಡುವ ಸಣ್ಣ ಪದಾರ್ಥಗಳು) ಅಂತ ದಿನಕ್ಕೆ ಎರಡು ಕಡೆ ರುಚಿ ನೋಡುವ ಯೋಚನೆ.

ಕೇಳಬೇಕಾದ್ದು ಮೂರು. ಬನ್ನಿನೊಳಗೆ ಸಾಸ್, ಕೋಸು ಎಲ್ಲ ತುಂಬಿ ಕೊಟ್ಟಾಗ ಒಳಗಿನ ಮಾಂಸ ಚೆನ್ನಾಗಿದೆಯೋ ಇಲ್ಲವೋ ಹೇಗೆ ಗೊತ್ತು ಮಾಡಿಕೊಳ್ಳುವುದು? ಊರೂರಿಗೆ ಆರ್ಡರ್ ಮಾಡುವ ರೀತಿ ಬೇರೆಯಂತೆ, ಅದೇನು? ನಮ್ಮಲ್ಲಿ ಒಬ್ಬರು ಕೋಳಿ, ಕುರಿ ಬಿಟ್ಟು ಬೇರೆ ಮುಟ್ಟಲ್ಲ, ಇನ್ನೊಬ್ಬರು ಸಸ್ಯಾಹಾರಿ (ಮೊಟ್ಟೆ ಪರವಾಗಿಲ್ಲ). ಅವರಿಬ್ಬರಿಗೆ ಏನು?

ಇದ್ದಿಲು

ಸಾಸ್ ಬೇರೆ ಕೊಡಿ ಅಂತ ಕೇಳಿ, ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಸ್ಯಾಂಡ್‌ವಿಚ್ ಬಂದ ಕೂಡಲೇ ಮೇಲಿನ ಬನ್ ಎತ್ತಿಟ್ಟು ಒಂದು ಎಳೆ ಮಾಂಸವನ್ನು ಬರಿದೇ ಬಾಯಿಗೆ ಹಾಕಿಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪುಲ್ಡ್ ಪೋರ್ಕ್ ಅಂದರೆ ಹೊಗೆಯಲ್ಲಿ ನಿಧಾನ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಹಂದಿಯ ಭುಜದ ಭಾಗ. 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಹತ್ತು ಹನ್ನೆರಡು ಗಂಟೆ ಇಟ್ಟು, ಒಳಗಿನ ಉಷ್ಣತೆ 195–205 ಮುಟ್ಟಿದ ಮೇಲೆ ಇಳಿಸುತ್ತಾರೆ. ಬೇಯುವುದಷ್ಟೇ ಮುಖ್ಯವಾಗಿದ್ದರೆ ಅಷ್ಟು ಹೊತ್ತು ಬೇಕಿರಲಿಲ್ಲ. ಭುಜದ ತುಂಬ ಇರುವ ಕೊಲಾಜೆನ್ ಕರಗಿ ಜೆಲಟಿನ್ ಆಗಬೇಕು. ತಿಂದಾದ ಮೇಲೆ ಬೆರಳು ಬೆರಳಿಗೆ ಅಂಟುತ್ತದಲ್ಲ, ಆ ಜಿಗುಟು ಅದೇ. ನಡುವೆ 150–165ರ ಹತ್ತಿರ ಉಷ್ಣತೆ ಗಂಟೆಗಟ್ಟಲೆ ಏರದೆ ನಿಂತುಬಿಡುತ್ತದೆ. ಬೆವರು ಆರುವಾಗ ಮೈ ತಣ್ಣಗಾಗುವ ಹಾಗೆ, ಮಾಂಸದ ಮೇಲ್ಮೈಯ ನೀರು ಆವಿಯಾಗುತ್ತಾ ಶಾಖವನ್ನು ಒಯ್ಯುತ್ತಿರುತ್ತದೆ. ಆತುರದ ಅಡುಗೆಮನೆಯವರು ಇಲ್ಲೇ ಫಾಯಿಲ್ ಸುತ್ತಿಬಿಡುವುದು. ಹೊರಗಿನ ಕಪ್ಪು ತೊಗಟೆ, ಅವರ ಬಾಯಲ್ಲಿ ‘ಬಾರ್ಕ್’, ಗಟ್ಟಿಯಾಗಿ ಕಟ್ಟಿದ ಮೇಲೆ ಸುತ್ತಿದರೆ ತೊಂದರೆಯಿಲ್ಲ. ಅದಕ್ಕೆ ಮೊದಲೇ ಸುತ್ತಿದರೆ ಹಬೆಯಲ್ಲಿ ಬೆಂದ ಮಾಂಸಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಹಾಗಾಗಿ ಬನ್ನಿನೊಳಗೆ ಕಪ್ಪು, ಕಂದು ಚೂರುಗಳು ಅಲ್ಲಲ್ಲಿ ಬೆರೆತಿವೆಯೇ ನೋಡಿ. ಎಲ್ಲ ಒಂದೇ ಬೂದುಬಣ್ಣವಾಗಿದ್ದರೆ ಅನುಮಾನ ಪಡಿ.

ಬಾಯಿಗೆ ಹಾಕಿಕೊಂಡ ಎಳೆ ರಬ್ಬರಿನಂತೆ ಹಿಗ್ಗಿದರೆ ಕೊಲಾಜೆನ್ ಕರಗುವ ಮೊದಲೇ ಇಳಿಸಿದ್ದಾರೆ. ಎಳೆಯೇ ಇಲ್ಲದೆ ಮುದ್ದೆಯಾಗಿದ್ದರೆ ಸಾಸ್ ಕಲಸಿ ಬಿಸಿ ಟ್ರೇಯಲ್ಲಿ ಗಂಟೆಗಟ್ಟಲೆ ಇಟ್ಟದ್ದು. ಹತ್ತಿಯಂತೆ ಒಣಗಿದ್ದರೆ ಮಾಂಸ ಬಿಡಿಸುವಾಗ ಇಳಿದ ರಸವನ್ನು ಮತ್ತೆ ಅದಕ್ಕೇ ಬೆರೆಸಿಲ್ಲ, ಅಥವಾ ಬೆಳಗ್ಗೆಯೇ ಬಿಡಿಸಿ ಗಾಳಿಗೆ ಬಿಟ್ಟಿದ್ದಾರೆ. ಸ್ವಲ್ಪ ಕಮಟು ವಾಸನೆ, ಹಳೆಯ ರಟ್ಟಿನಂಥ ರುಚಿ ಬಂದರೆ ಫ್ರಿಜ್‌ನಲ್ಲಿಟ್ಟು ಮತ್ತೆ ಬಿಸಿ ಮಾಡಿದ್ದು. ಬೆಂದ ಮಾಂಸದ ಕೊಬ್ಬು ಗಾಳಿಗೆ ಕೆಟ್ಟಾಗ ಬರುವ ರುಚಿ ಅದು, ಎಷ್ಟು ಸಿಹಿ ಸಾಸ್ ಸುರಿದರೂ ಪೂರ್ತಿ ಮುಚ್ಚಿಹೋಗುವುದಿಲ್ಲ. ನಾಲಿಗೆ ಜೋಮು ಹಿಡಿದ ಹಾಗಾಗಿ, ಡಾಂಬರಿನಂಥ ಕಹಿ ಗಂಟಲಲ್ಲಿ ಉಳಿದರೆ ಹೊಗೆಯೇ ಕೆಟ್ಟದ್ದು. ಹಸಿ ಸೌದೆ ಇಟ್ಟು ಗಾಳಿಯಾಡದಂತೆ ಮುಚ್ಚಿದರೆ ಬೆಂಕಿ ಸರಿಯಾಗಿ ಉರಿಯದೆ ದಟ್ಟ ಬಿಳಿ ಹೊಗೆ ಏಳುತ್ತದೆ, ಅದರ ಮಸಿ ಮಾಂಸಕ್ಕೆ ಕೂರುತ್ತದೆ. ಒಳ್ಳೆಯ ಬೆಂಕಿಯ ಹೊಗೆ ತೆಳು, ನೀಲಿ, ಕಣ್ಣಿಗೆ ಕಂಡೂ ಕಾಣದಷ್ಟು.

ತೊಗಟೆಯ ಕೆಳಗಿನ ಗುಲಾಬಿ ಉಂಗುರ ನೋಡಿ ಮರುಳಾಗಬೇಡಿ. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮಾಂಸದ ಮಯೋಗ್ಲೋಬಿನ್ ಜೊತೆ ಸೇರಿ ಆಗುವ ಬಣ್ಣ ಅಷ್ಟೇ, ರುಚಿಗೂ ಅದಕ್ಕೂ ಸಂಬಂಧವಿಲ್ಲ. ನೈಟ್ರೈಟ್ ಬೆರೆತ ಉಪ್ಪು ಸವರಿದರೆ ಓವನ್‌ನಲ್ಲೂ ಬರುತ್ತದೆ.

ಹೋಗುವ ಹೊತ್ತು ಹನ್ನೊಂದೂವರೆಯಿಂದ ಒಂದು ಗಂಟೆಯೊಳಗೆ ಇರಲಿ. ಹಲವು ಕಡೆ ಭಾನುವಾರ ರಜೆ, ಕೆಲವು ಕಡೆ ಸೋಮವಾರವೂ ಸೇರಿ. ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಂಡರೆ ನೂರು ಮೈಲಿ ಸುಮ್ಮನೆ ಓಡಿಸುವುದು ತಪ್ಪುತ್ತದೆ.

ಒಲೆಮುಂದೆ

ಇದ್ದಿಲು ಅವರ ಮಾತಿಗೆ ಒಂದು ತಿದ್ದುಪಡಿ. ‘ಸಾಸ್ ಬೇರೆ ಕೊಡಿ’ ಅನ್ನುವುದು ಕೆರೊಲಿನಾದ ಪೂರ್ವಭಾಗದಲ್ಲಿ ನಡೆಯಲ್ಲ. ಅಲ್ಲಿ ಇಡೀ ಹಂದಿ ಬೇಯಿಸಿ, ಮರದ ದಿಮ್ಮಿಯ ಮೇಲೆ ಕೊಚ್ಚುವಾಗಲೇ ವಿನೆಗರ್, ಉಪ್ಪು, ಕೆಂಪು ಮೆಣಸಿನ ಪುಡಿ ಬೆರೆಸಿಬಿಡುತ್ತಾರೆ. ಟೊಮೇಟೊ ಸೋಕಲ್ಲ. ಏಡನ್ ಊರಿನ ಸ್ಕೈಲೈಟ್ ಇನ್‌ನಲ್ಲಿ ಗರಿಗರಿ ಚರ್ಮವನ್ನೂ ಜೊತೆಗೇ ಕೊಚ್ಚಿ ಸೇರಿಸುತ್ತಾರೆ. ಆ ಹುಳಿ ಸಾಸ್ ಅಲ್ಲ, ಮಾಂಸದ ಹದವೇ ಅದು.

ಪಶ್ಚಿಮಕ್ಕೆ ಬಂದರೆ ಲೆಕ್ಸಿಂಗ್ಟನ್. ಅಲ್ಲಿ ಭುಜ ಮಾತ್ರ. ವಿನೆಗರ್‌ಗೆ ಸ್ವಲ್ಪ ಕೆಚಪ್ ಬಿದ್ದಿರುತ್ತೆ, ಅದಕ್ಕೆ ‘ಡಿಪ್’ ಅನ್ನುತ್ತಾರೆ. ಬನ್ನಿನೊಳಗೆ ಹೋಗುವ ಸ್ಲಾಗೂ (ಕೊಚ್ಚಿದ ಹಸಿ ಕೋಸಿನ ಸಲಾಡ್) ಅದೇ ಕೆಂಪು ಬಣ್ಣ, ಮಯೋನೀಸ್ ಇಲ್ಲ. ಆರ್ಡರ್ ಕೊಡುವಾಗ ‘ಕೋರ್ಸ್ ಚಾಪ್ಡ್, ಔಟ್‌ಸೈಡ್ ಬ್ರೌನ್’ ಅನ್ನಿ. ದಪ್ಪಗೆ ಕೊಚ್ಚಿದ್ದು, ತೊಗಟೆ ಜಾಸ್ತಿ ಇರುವುದು ಅಂತ ಅರ್ಥ. ಸುಮ್ಮನೆ ‘ಚಾಪ್ಡ್’ ಅಂದರೆ ಸಣ್ಣಗೆ ಕೊಚ್ಚಿ ಕೊಡುತ್ತಾರೆ, ಸಣ್ಣಗೆ ಕೊಚ್ಚಿದಷ್ಟೂ ತಪ್ಪುಗಳು ಕಾಣಲ್ಲ. ಅಲ್ಲಿನ ಹಳೇ ಕ್ರಮದಲ್ಲಿ ಸೌದೆಯನ್ನು ಬೇರೆ ಕಡೆ ಉರಿಸಿ, ಕೆಂಡವನ್ನಷ್ಟೇ ಸಲಿಕೆಯಲ್ಲಿ ಮಾಂಸದ ಕೆಳಗೆ ಹರಡುತ್ತಾರೆ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ‘ಚುರ್’ ಎಂದು ಏಳುವ ಹೊಗೆಯೇ ಆ ರುಚಿಯ ಗುಟ್ಟು. ಟೆಕ್ಸಸ್‌ನಲ್ಲಿ ಬೆಂಕಿ ಪಕ್ಕದ ಪೆಟ್ಟಿಗೆಯಲ್ಲಿರುತ್ತೆ, ಹೊಗೆ ಮಾತ್ರ ಹಾದುಹೋಗುತ್ತೆ, ಆ ರುಚಿಯೇ ಬೇರೆ. ಎರಡನ್ನೂ ಹೋಲಿಸಿ ಯಾವುದು ಮೇಲು ಅನ್ನಲು ಹೋಗಬೇಡಿ.

ಮೆಂಫಿಸ್‌ನಲ್ಲಿ ಕೇಳದಿದ್ದರೂ ಸ್ಲಾ ಮಾಂಸದ ಮೇಲೇ ಕೂತು ಬರುತ್ತೆ. ತೆಗೆಸಬೇಡಿ. ಅಲ್ಲಿನ ಸಾಸ್ ಸಿಹಿ, ಕೋಸಿನ ತಂಪು, ಹುಳಿ ಇಲ್ಲದಿದ್ದರೆ ನಾಲ್ಕನೇ ತುತ್ತಿಗೆ ಸಿಹಿ ಮುಖಕ್ಕೆ ಹೊಡೆಯುತ್ತೆ.

ಟೆಕ್ಸಸ್‌ನಲ್ಲಿ ಸ್ಯಾಂಡ್‌ವಿಚ್ ಆಸೆಯನ್ನೇ ಬಿಡಿ ಅಂತೀನಿ. ‘ಚಾಪ್ಡ್ ಬೀಫ್ ಸ್ಯಾಂಡ್‌ವಿಚ್’ ಸಾಮಾನ್ಯವಾಗಿ ಬ್ರಿಸ್ಕೆಟ್ (ದನದ ಎದೆಯ ಮಾಂಸ) ಕೊಯ್ದಾಗ ಉಳಿದ ಅಂಚು, ತುದಿ ಕೊಚ್ಚಿ ಸಾಸ್ ಕಲಸಿದ್ದು. ಅಗ್ಗ, ರುಚಿಯೂ ಇರುತ್ತೆ, ಆದರೆ ಅಡುಗೆಯವನ ಕೈ ಅದರಲ್ಲಿ ಕಾಣಲ್ಲ. ಬದಲಿಗೆ ತೂಕದ ಲೆಕ್ಕದಲ್ಲಿ ತಲೆಗೆ ಕಾಲು ಪೌಂಡ್, ಅಂದರೆ 113 ಗ್ರಾಂ, ‘ಮಾಯ್ಸ್ಟ್’ (ಕೊಬ್ಬಿರುವ ಭಾಗದ) ಬ್ರಿಸ್ಕೆಟ್ ಕೇಳಿ. ಬಿಳಿ ಬ್ರೆಡ್, ಈರುಳ್ಳಿ, ಉಪ್ಪಿನಕಾಯಿ ಸೌತೆ ಎಷ್ಟೋ ಕಡೆ ಪುಕ್ಕಟೆ. ನಿಮ್ಮ ಸ್ಯಾಂಡ್‌ವಿಚ್ ನೀವೇ ಕಟ್ಟಿಕೊಳ್ಳಿ. ‘ಲೀನ್’ ಅಂದರೆ ಕೊಬ್ಬಿಲ್ಲದ ಚಪ್ಪಟೆ ಭಾಗ, ಬ್ರೆಡ್ಡಿನ ನಡುವೆ ಅದು ಒಣ ಎನಿಸುತ್ತೆ.

ಹೋಳು ಪೆನ್ಸಿಲ್ ದಪ್ಪ ಇರಬೇಕು. ತೋರುಬೆರಳ ಮೇಲೆ ನೇತುಹಾಕಿ. ಎರಡೂ ಕಡೆ ಬಾಗಿ ಇಳಿಬಿದ್ದೂ ಹರಿಯಬಾರದು, ಎರಡು ತುದಿ ಹಿಡಿದು ಸ್ವಲ್ಪ ಜಗ್ಗಿದರೆ ಬಿಟ್ಟುಕೊಳ್ಳಬೇಕು. ಬೆರಳ ಮೇಲೇ ಮುರಿದರೆ ಅತಿಯಾಗಿ ಬೆಂದಿದೆ. ಅತಿ ಬೆಂದದ್ದನ್ನು ದಪ್ಪಗೆ, ಬೇಯದ್ದನ್ನು ಕಾಗದದಷ್ಟು ತೆಳ್ಳಗೆ ಕೊಯ್ದು ಮರೆಮಾಚುವುದು ಹಳೇ ಉಪಾಯ. ಟೆಕ್ಸಸ್‌ನ ಲಾಕ್‌ಹಾರ್ಟ್ ಊರು ನಿಮ್ಮ ದಾರಿಯಲ್ಲಿದ್ದರೆ ಬಿಡಬೇಡಿ. ಕ್ರೂಟ್ಸ್ ಮಾರ್ಕೆಟ್ 1900ರಿಂದ, ಬ್ಲ್ಯಾಕ್ಸ್ 1932ರಿಂದ ಅಲ್ಲೇ ಇವೆ.

ಸೊಪ್ಪುಸಾರು

ಸಸ್ಯಾಹಾರಿಗಳ ವಿಷಯ ನನಗೆ ಬಿಡಿ. ಬಾರ್ಬೆಕ್ಯೂ ಹೋಟೆಲಿನ ತರಕಾರಿ ತರಕಾರಿ ಅಲ್ಲ ಅಂತ ಮೊದಲು ತಿಳ್ಕೊಳ್ಳಿ. ಕಾಲರ್ಡ್ ಸೊಪ್ಪು ಹಂದಿಯ ಕಾಲಿನ ಗಂಟಿನ ಮೂಳೆ ಹಾಕಿ ಬೇಯ್ಸಿರ್ತಾರೆ. ಹುರುಳಿಕಾಯಿಗೆ ಬೇಕನ್. ಬೇಕ್ಡ್ ಬೀನ್ಸ್‌ಗೆ ಬ್ರಿಸ್ಕೆಟ್ ಚೂರು ಇಲ್ಲಾ ಹಂದಿಕೊಬ್ಬು, ಟೆಕ್ಸಸ್‌ನ ಪಿಂಟೊ ಬೀನ್ಸ್‌ದೂ ಬಹುತೇಕ ಇದೇ ಕತೆ. ಬ್ರನ್ಸ್‌ವಿಕ್ ಸ್ಟ್ಯೂ ನೋಡೋಕೆ ತರಕಾರಿ ಸಾಗು ಥರ ಇದ್ದರೂ ಅದು ಮಾಂಸದ ಅಡುಗೆ. ಮೆಂಫಿಸ್‌ನ ಬಾರ್ಬೆಕ್ಯೂ ಸ್ಪಗೆಟಿಯಲ್ಲೂ ಹಂದಿ ಎಳೆ ಇರುತ್ತೆ. ಗೆಣಸಿನ ಮೇಲೆ ಮಾರ್ಷ್‌ಮ್ಯಾಲೋ ಕಂಡರೆ ಅದರಲ್ಲಿ ಜೆಲಟಿನ್. ಸಾಸ್‌ನಲ್ಲಿ ವೂಸ್ಟರ್ ಸಾಸ್ ಬಿದ್ದಿದ್ದರೆ ಅದರಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು. ಹಷ್ ಪಪ್ಪಿ ಬರೀ ಮೆಕ್ಕೆಜೋಳದ ಬೋಂಡಾ, ಆದರೆ ಮೀನು ಕರಿದ ಎಣ್ಣೆಯಲ್ಲೇ ಕರೀತಾರಾ, ಹಿಟ್ಟಿಗೆ ಲಾರ್ಡ್ (ಕರಗಿಸಿದ ಹಂದಿಕೊಬ್ಬು) ಹಾಕ್ತಾರಾ ಅಂತ ಕೇಳಿ.

ಕೇಳೋದು ಹೇಗೆ ಅನ್ನೋದೂ ಮುಖ್ಯ. ‘ಇದು ವೆಜಿಟೇರಿಯನ್ನಾ?’ ಅಂದರೆ ಪಾಪ ಆ ಹುಡುಗಿ ‘ಹೌದು, ಬೀನ್ಸ್ ಅಲ್ವಾ’ ಅಂತಾಳೆ. ‘ಬೇಯಿಸುವಾಗ ಬೇಕನ್, ಹ್ಯಾಮ್, ಮಾಂಸದ ಸಾರು, ಲಾರ್ಡ್ ಯಾವುದಾದರೂ ಹಾಕ್ತೀರಾ?’ ಅಂತ ಹೆಸರು ಹಿಡಿದು ಕೇಳಿ.

ಉಳಿಯೋದು ಸ್ಲಾ, ಆಲೂಗಡ್ಡೆ ಸಲಾಡ್, ಮ್ಯಾಕ್ ಅಂಡ್ ಚೀಸ್, ಬೆಣ್ಣೆ ಸವರಿದ ಟೆಕ್ಸಸ್ ಟೋಸ್ಟ್. ಇದರಲ್ಲೂ ಬೇಕನ್ ಉದುರಿಸುವವರಿದ್ದಾರೆ, ಒಮ್ಮೆ ಕೇಳಿಬಿಡಿ. ಸುಟ್ಟ ಬನ್ನಿಗೆ ಸ್ಲಾ, ಈರುಳ್ಳಿ ರಿಂಗ್, ಸೌತೆ ಉಪ್ಪಿನಕಾಯಿ, ಸ್ವಲ್ಪ ಸಾಸಿವೆ ಹಾಕಿಸಿಕೊಂಡರೆ ಪರವಾಗಿಲ್ಲ ಅನ್ನೋ ಸ್ಯಾಂಡ್‌ವಿಚ್ಚೇ ಆಗುತ್ತೆ.

ಅಡುಗೆಮನೆಯ ಶ್ರದ್ಧೆ ಸೈಡ್ಸ್‌ನಲ್ಲೇ ಕಾಣೋದು. ಸ್ಲಾ ಬಟ್ಟಲನ್ನು ಓರೆ ಮಾಡಿ ನೋಡಿ. ತಳದಲ್ಲಿ ಬಿಳಿ ನೀರು ನಿಂತಿದ್ದರೆ ಉಪ್ಪು ಕೋಸಿನ ನೀರನ್ನೆಲ್ಲ ಹೊರಗೆಳೆದಿದೆ, ಕಲಸಿ ಬಹಳ ಹೊತ್ತಾಗಿದೆ. ಕತ್ತರಿಸಿದ ಕೋಸಿಗೆ ಉಪ್ಪು ಹಚ್ಚಿಟ್ಟು ಹಿಂಡಿ, ಆಮೇಲೆ ಕಲಸಿದ್ದರೆ ಇಷ್ಟು ಬೇಗ ಹೀಗಾಗಲ್ಲ. ಮ್ಯಾಕ್ ಅಂಡ್ ಚೀಸ್ ಮೇಲೆ ಎಣ್ಣೆ ತೇಲಿ, ಸಾಸ್ ಮರಳುಮರಳಾಗಿದ್ದರೆ ಬಿಸಿ ಟ್ರೇಯಲ್ಲಿ ಕೂತು ಕೂತು ಚೀಸ್ ಒಡೆದಿದೆ. ಹಷ್ ಪಪ್ಪಿ ಮುರಿದಾಗ ಬೆರಳಿಗೆ ಎಣ್ಣೆ ಹತ್ತಿದರೆ ಬಾಣಲೆ ತುಂಬ ಒಟ್ಟಿಗೇ ಬಿಟ್ಟಿದ್ದಾರೆ, ಎಣ್ಣೆ ತಣ್ಣಗಾಗಿ ಹಿಟ್ಟು ಕುಡಿದಿದೆ. ನಮ್ಮ ಬೋಂಡಾಗೂ ಇದೇ ಕಾಯಿದೆ ತಾನೇ.

ದಾರಿಹೋಕ

ತುಂಬಾ ಉಪಕಾರವಾಯ್ತು. ಕೋಳಿ, ಕುರಿಯವರ ಬಗ್ಗೆ ಯಾರೂ ಹೇಳಲಿಲ್ಲ. ಹೊಗೆಯಲ್ಲಿ ಬೆಂದ ಕೋಳಿ ಒಳಗೆ ಗುಲಾಬಿ ಬಣ್ಣ ಇರುತ್ತಂತೆ, ಅದು ಹಸಿ ಅಲ್ಲವಾ? ಮತ್ತೆ ಪಾರ್ಸೆಲ್ ತಗೊಂಡರೆ ಬನ್ ತೊಯ್ದು ಹೋಗುತ್ತಲ್ಲ, ಅದಕ್ಕೇನು ಮಾಡುವುದು?

ಇದ್ದಿಲು

ಹೊಗೆಕೋಳಿಯ ಗುಲಾಬಿಗೂ ಮೇಲೆ ಹೇಳಿದ ಉಂಗುರಕ್ಕೂ ಕಾರಣ ಒಂದೇ, ಬಣ್ಣ ನೋಡಿ ತಳ್ಳಬೇಡಿ. 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಕೋಳಿಯೂ ಮೂಳೆಯ ಸುತ್ತ, ಚರ್ಮದ ಕೆಳಗೆ ಗುಲಾಬಿ ಇರಬಹುದು. ನೋಡಬೇಕಾದ್ದು ಮಾಂಸದ ಗುಣ. ಜೆಲ್ಲಿಯಂತೆ ಹೊಳೆಯುತ್ತಾ, ಮೂಳೆಗೆ ಕಚ್ಚಿಕೊಂಡಿದ್ದರೆ ಹಿಂದಿರುಗಿಸಿ.

ಕೋಳಿಗೆ ನಿಮ್ಮ ದಾರಿಯಲ್ಲಿ ಅಲಬಾಮಾದ ಡೆಕೇಟರ್ ಸರಿಯಾದ ಊರು. 1925ರಲ್ಲಿ ಶುರುವಾದ ಬಿಗ್ ಬಾಬ್ ಗಿಬ್ಸನ್ ಅಲ್ಲೇ ಇದೆ. ಮಯೋನೀಸ್, ವಿನೆಗರ್, ಕರಿಮೆಣಸಿನ ಬಿಳಿ ಸಾಸ್ ಅಲ್ಲಿನದು. ಬಿಸಿಬಿಸಿ ಕೋಳಿಯನ್ನು ಅದರಲ್ಲಿ ಮುಳುಗಿಸಿ ತೆಗೆಯುತ್ತಾರೆ. ಕುರಿಗಾಗಿ ದಾರಿ ಬಿಡುವುದಾದರೆ ನ್ಯಾಶ್‌ವಿಲ್‌ನಿಂದ ಉತ್ತರಕ್ಕೆ ಸುಮಾರು ಎರಡು ಗಂಟೆ, ಕೆಂಟಕಿಯ ಓವನ್ಸ್‌ಬರೊ. ಅಲ್ಲಿ ಬಲಿತ ಕುರಿಯದೇ ಬಾರ್ಬೆಕ್ಯೂ. ವಾಸನೆ ಜೋರು, ಕಪ್ಪು ಡಿಪ್‌ನಲ್ಲಿ ಅದ್ದಿ ತಿನ್ನುತ್ತಾರೆ. ಜೊತೆಗೆ ಸಿಗುವ ಬರ್ಗೂ ಸಾರಿನಲ್ಲಿ ಬೇರೆ ಮಾಂಸವೂ ಸೇರಿರಬಹುದು, ಕೇಳಿ ತಗೊಳ್ಳಿ.

ಒಲೆಮುಂದೆ

ಪಾರ್ಸೆಲ್‌ಗೆ ಬನ್, ಮಾಂಸ, ಸ್ಲಾ ಮೂರೂ ಬೇರೆ ಬೇರೆ ಕಟ್ಟಿಸಿ. ಬನ್ನಿನ ಒಳಮೈಗೆ ಬೆಣ್ಣೆ ಸವರಿ ಸುಟ್ಟು ಕೊಡಿ ಅನ್ನಿ, ಆ ಪದರ ಇದ್ದರೆ ರಸ ಹತ್ತು ಹದಿನೈದು ನಿಮಿಷ ತಡೆಯುತ್ತೆ. ಫಾಯಿಲ್‌ನಲ್ಲಿ ಕಟ್ಟಿದ ಬನ್ ತನ್ನ ಹಬೆಗೆ ತಾನೇ ಬೆವರುತ್ತೆ, ಕಾಗದದಲ್ಲಿ ಸುತ್ತಿಸಿ. ಕಾರಿನಲ್ಲಿ ಎರಡು ಗಂಟೆ ಮೀರಿ ಇಡಬೇಡಿ, ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ ಒಂದೇ ಗಂಟೆ. ಉಳಿದದ್ದನ್ನು ಹೋಟೆಲ್ ರೂಮಿನಲ್ಲಿ ಬಿಸಿ ಮಾಡುವಾಗ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಮೈಕ್ರೋವೇವ್‌ನಲ್ಲಿ ಅರ್ಧ ಪವರ್‌ಗೆ ಇಟ್ಟು, ನಡುವೆ ಒಮ್ಮೆ ಮಗುಚಿ ಹಬೆಯಾಡುವಷ್ಟು ಬಿಸಿ ಮಾಡಿ. ಪೂರ್ತಿ ಪವರ್ ಕೊಟ್ಟರೆ ಕೊಬ್ಬೆಲ್ಲ ಇಳಿದು ಎಳೆ ಹಗ್ಗವಾಗುತ್ತೆ.