ಒಂದು ಸ್ಲೈಡಿನಲ್ಲಿ ಸಿಗ್ನಲ್, ಇನ್ನೊಂದರಲ್ಲಿ ಸೊನ್ನೆ

ಪ್ರಶ್ನೆ: ಗಾಜಿನ ಸ್ಲೈಡಿಗೆ ಎಪಿಟಿಇಎಸ್ (ಗಾಜಿಗೆ ಅಂಟಿ ಅಮೈನ್ ಗುಂಪು ಕೊಡುವ ರಾಸಾಯನಿಕ) ಲೇಪಿಸಿ, ಗ್ಲುಟರಾಲ್ಡಿಹೈಡ್ ಎಂಬ ಕೊಂಡಿಯ ಮೂಲಕ ಆಂಟಿಬಾಡಿ (ಗುರಿಯ ಅಣುವನ್ನು ಹಿಡಿಯುವ ಪ್ರೊಟೀನು) ಕೂರಿಸಿ ಅರೇ, ಅಂದರೆ ಚುಕ್ಕೆಗಳ ಸಾಲು ಮಾಡುತ್ತಿದ್ದೇನೆ. ಹೋದ ತಿಂಗಳ ಸ್ಲೈಡು ಚೆನ್ನಾಗಿತ್ತು, ಈ ತಿಂಗಳದ್ದರಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ. ಅಲ್ಲೊಂದು ಇಲ್ಲೊಂದು ಚುಕ್ಕೆ ಕಂಡರೂ ಅಂಚು ಮಾತ್ರ ಹೊಳೆಯುತ್ತದೆ, ನಡುವೆ ಖಾಲಿ. ಇದನ್ನು ಬಿಟ್ಟು ಇಡಿಸಿ-ಎನ್‌ಎಚ್‌ಎಸ್ ಎಂಬ ಇನ್ನೊಂದು ಜೋಡಣೆ ವಿಧಾನಕ್ಕೆ ಹೋಗಲಾ? ಮಾಡಿ ನೋಡಿದವರು ಹೇಳಿ.

— ವಿಧಾನ ಬದಲಿಸುವ ಮೊದಲು ಆಂಟಿಬಾಡಿ ಜೊತೆ ಬಂದ ಚೀಟಿ ಓದಿ. ನಾನು ಓದದೆ ಎರಡು ತಿಂಗಳು ಕಳೆದುಕೊಂಡೆ. ಪಿಎಚ್, ಸಮಯ, ಸಾಂದ್ರತೆ ಎಲ್ಲ ಬದಲಿಸಿ ನೋಡಿದ್ದಾಯಿತು. ಕೊನೆಗೆ ನೋಡಿದರೆ ವಯಲಿನಲ್ಲಿದ್ದದ್ದು ಟ್ರಿಸ್ ಬಫರ್, ಸಾಲದ್ದಕ್ಕೆ ಬಿಎಸ್‌ಎ ಎಂಬ ಹಸುವಿನ ರಕ್ತದ ಪ್ರೊಟೀನು. ಗ್ಲುಟರಾಲ್ಡಿಹೈಡ್ ಹಿಡಿಯುವುದು ಅಮೈನ್ ಎಂಬ ಸಾರಜನಕದ ಗುಂಪನ್ನು, ಅದು ಟ್ರಿಸ್‌ನಲ್ಲೂ ಬಿಎಸ್‌ಎಯಲ್ಲೂ ಇದೆ. ಆಂಟಿಬಾಡಿಯ ಲೈಸಿನ್ (ಅಮೈನ್ ಹೊತ್ತ ಅಮೈನೋ ಆಮ್ಲ) ಬರುವಷ್ಟರಲ್ಲಿ ಇವು ಸೀಟಿಗೆ ಟವೆಲ್ ಹಾಕಿರುತ್ತವೆ. ಇಡಿಸಿಗೆ ಹೋದರೂ ಇದೇ ಕಥೆ, ಅಲ್ಲೂ ಹಿಡಿಯುವುದು ಅಮೈನನ್ನೇ. ಟ್ರಿಸ್ಸನ್ನು ಡಿಸಾಲ್ಟಿಂಗ್ ಕಾಲಮ್ಮಿನಲ್ಲಿ (ಸಣ್ಣ ಅಣುಗಳನ್ನು ದೊಡ್ಡ ಪ್ರೊಟೀನಿನಿಂದ ಬೇರ್ಪಡಿಸುವ ಕೊಳವೆ) ತೆಗೆಯಬಹುದು. ಬಿಎಸ್‌ಎ ಹಾಗೆ ಹೋಗಲ್ಲ. ಸುಮಾರು 66 ಕಿಲೋಡಾಲ್ಟನ್ ತೂಕದ ಪ್ರೊಟೀನು, 150ರ ಆಂಟಿಬಾಡಿ ಜೊತೆಯಲ್ಲೇ ಇಳಿಯುತ್ತದೆ. ಬಿಎಸ್‌ಎ ಇಲ್ಲದ್ದನ್ನೇ ತರಿಸಿ.

— ಉಂಗುರದ ವಿಷಯ ಬೇರೆ. ಹನಿ ಒಣಗುವಾಗ ಪ್ರೊಟೀನು ಅಂಚಿಗೆ ಹರಿದು ನಿಂತದ್ದು ಅದು. ಪ್ರಿಂಟಿಂಗ್ ಬಫರಿಗೆ ಸ್ವಲ್ಪ ಗ್ಲಿಸರಾಲ್ ಅಥವಾ ಟ್ರೆಹಲೋಸ್ ಹಾಕಿ, ಸ್ಲೈಡನ್ನು ತೇವದ ಡಬ್ಬಿಯಲ್ಲಿಡಿ. ಗ್ಲಿಸರಾಲ್ ಕೈ ಮೀರಿದರೆ ಪಕ್ಕಪಕ್ಕದ ಚುಕ್ಕೆಗಳು ಒಂದಾಗಿಬಿಡುತ್ತವೆ, ಹುಷಾರು.

— ಎಪಿಟಿಇಎಸ್ ಬಾಟಲಿ ತೆರೆದು ಎಷ್ಟು ದಿನವಾಯಿತು? ತೇವ ಕುಡಿದರೆ ತಂತಾನೇ ಪಾಲಿಮರ್ ಆಗಿ ಗಾಜಿನ ಮೇಲೆ ದಪ್ಪ ಪದರವಾಗುತ್ತದೆ. ತೊಳೆಯುವಾಗ ಆಂಟಿಬಾಡಿ ಸಮೇತ ಕಿತ್ತು ಬರುತ್ತದೆ. ನಾನು ಒಂದು ಹನಿ ನೀರಿನಲ್ಲಿ ಪರೀಕ್ಷೆ ಮಾಡುತ್ತೇನೆ. ಶುದ್ಧ ಗಾಜಿನ ಮೇಲೆ ಹನಿ ಹರಡಿ ಚಪ್ಪಟೆಯಾಗುತ್ತದೆ, ಲೇಪನ ಕೂತಿದ್ದರೆ ತುಸು ಉಬ್ಬಿ ನಿಲ್ಲುತ್ತದೆ. ನಾಲ್ಕೂ ಮೂಲೆಯಲ್ಲಿ ಒಂದೇ ಥರ ನಿಂತರೆ ಮಾತ್ರ ಮುಂದಿನ ಹೆಜ್ಜೆ.

— ಲೈಸಿನ್ ಆಂಟಿಬಾಡಿಯ ಮೈತುಂಬ ಇರುವುದರಿಂದ ಅದು ತಲೆಕೆಳಗಾಗಿಯೂ ಕೂರಬಹುದು. ಆಂಟಿಬಾಡಿಯ ಎಫ್‌ಸಿ ಎಂಬ ಬಾಲವನ್ನು ಹಿಡಿಯುವ ಪ್ರೊಟೀನ್ ಜಿ ಮೇಲೆ ಕೂರಿಸಿದರೆ ಬಾಲ ಕೆಳಗೆ, ಹಿಡಿಯುವ ತೋಳು ಮೇಲೆ. ಆದರೆ ಸ್ಯಾಂಪಲ್ ಸೀರಮ್ ಆದರೆ ಅದರೊಳಗಿನ ಐಜಿಜಿಯನ್ನೂ (ರಕ್ತದಲ್ಲಿರುವ ಆಂಟಿಬಾಡಿ) ಪ್ರೊಟೀನ್ ಜಿ ಬಾಚಿಕೊಳ್ಳುತ್ತದೆ, ಹಿನ್ನೆಲೆ ಏರುತ್ತದೆ. ಮೊದಲು ಚುಕ್ಕೆ ಬರಲಿ, ದಿಕ್ಕಿನ ಚಿಂತೆ ಆಮೇಲೆ.

— ಪ್ರಶ್ನೆ ಕೇಳಿದ್ದು ನಾನೇ. ಫ್ರೀಜರಿನ ಡಬ್ಬಿ ತಡಕಾಡಿ ಎರಡೂ ಚೀಟಿ ತೆಗೆದೆ. ಹೋದ ತಿಂಗಳ ಲಾಟ್: ಬರೀ ಪಿಬಿಎಸ್ (ಅಮೈನ್ ಇಲ್ಲದ ಫಾಸ್ಫೇಟ್ ಬಫರ್). ಈ ತಿಂಗಳದ್ದು: ಟ್ರಿಸ್, ಗ್ಲೈಸಿನ್ (ಅದರಲ್ಲೂ ಅಮೈನ್). ಸದ್ಯ, ಬಿಎಸ್‌ಎ ಇಲ್ಲ. ಡಿಸಾಲ್ಟಿಂಗ್ ಕಾಲಮ್ ಹುಡುಕುತ್ತಿದ್ದೇನೆ.