ಆನ್‌ಲೈನ್ ಸಂಗೀತ ವಿತರಣಾ ಕಂಪನಿಗೆ ವಿಶ್ವಕೋಶದಲ್ಲಿ ಲೇಖನ ಬರೆಯಬಹುದೇ? ಅನುಭವವಿದ್ದವರು ತಿಳಿಸಿ

ಪೊನ್ನಂಪೇಟೆಯಿಂದ ಪ್ರಶ್ನೆ

ಕೊಡಗಿನ ಹಬ್ಬ, ಹಾಡು, ಊರುಗಳ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬಿಡುವಾದಾಗ ಬರೆಯುತ್ತೇನೆ. ನಮ್ಮ ಕಡೆಯ ಯುವಕ ಯುವತಿಯರು ಈಗ ಕೊಡವ ತಕ್ಕ್ ಮತ್ತು ಅರೆಭಾಷೆಯಲ್ಲಿ ಹಾಡು ಕಟ್ಟಿ ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್‌ಗಳಲ್ಲಿ ಬಿಡುಗಡೆ ಮಾಡುತ್ತಿದ್ದಾರೆ. ನನಗೆ ಪರಿಚಯವಿರುವ ಬಹುತೇಕರು ಒಂದೇ ವಿತರಣಾ ಕಂಪನಿಯ ಮೂಲಕ ಹಾಡು ಕಳುಹಿಸುತ್ತಾರೆ. ಅದರ ಬಗ್ಗೆ ಯಾವ ಭಾಷೆಯ ವಿಕಿಪೀಡಿಯದಲ್ಲಿಯೂ ಲೇಖನವಿಲ್ಲ. ಹುಡುಕಿದಾಗ ನನಗೆ ಸಿಕ್ಕಿರುವುದು ಕಂಪನಿಯದೇ ಜಾಲತಾಣ, ಸ್ಥಾಪಕರ ಒಂದು ದೊಡ್ಡ ಸಂದರ್ಶನ, ಸುದ್ದಿತಾಣಗಳಲ್ಲಿ ಬಂದ ಕೆಲವು ವರದಿಗಳು ಮತ್ತು ಅದನ್ನು ಬಳಸುವ ಹೆಸರಾಂತ ಗಾಯಕರ ಪಟ್ಟಿ. ಲೇಖನಕ್ಕೆ ಇಷ್ಟು ಸಾಕೇ? ಸಾಲದಿದ್ದರೆ ಇನ್ನೇನು ನೋಡಬೇಕು? ಬರೆದ ಮೇಲೆ ಅಳಿಸಿಹಾಕಿದರೆ ಶ್ರಮ ವ್ಯರ್ಥವಾಗುತ್ತದೆ ಎಂಬ ಕಾರಣಕ್ಕೆ ಮೊದಲೇ ಕೇಳುತ್ತಿದ್ದೇನೆ.

ಮಡಿಕೇರಿಯಿಂದ

ಕಂಪನಿಗಳ ಲೇಖನಗಳ ಅಳಿಸುವಿಕೆ ಚರ್ಚೆಗಳಲ್ಲಿ ಇಂಗ್ಲಿಷ್ ಮತ್ತು ಕನ್ನಡ ವಿಕಿಪೀಡಿಯ ಎರಡರಲ್ಲಿಯೂ ಭಾಗವಹಿಸಿದ ಅನುಭವದಿಂದ ಹೇಳುತ್ತೇನೆ. ಕಂಪನಿ ಎಷ್ಟು ದೊಡ್ಡದು, ಎಷ್ಟು ಜನರಿಗೆ ಉಪಯೋಗವಾಗಿದೆ ಎಂಬ ಪ್ರಶ್ನೆಗಳನ್ನು ಸದ್ಯಕ್ಕೆ ಬದಿಗಿಡಿ. ಅದರಿಂದ ಲಾಭವೂ ನಷ್ಟವೂ ಇಲ್ಲದ ಯಾರಾದರೂ, ತಾವಾಗಿಯೇ ವಿಚಾರಿಸಿ, ಅದರ ಬಗ್ಗೆ ವಿವರವಾಗಿ ಬರೆದಿದ್ದಾರೆಯೇ ಎಂದು ಮಾತ್ರ ನೋಡಿ. ಇಂಗ್ಲಿಷ್ ವಿಕಿಪೀಡಿಯ ಕಂಪನಿಗಳ ವಿಷಯದಲ್ಲಿ ವ್ಯಕ್ತಿಗಳಿಗಿಂತ, ಊರುಗಳಿಗಿಂತ ಹೆಚ್ಚು ಬಿಗಿ. ಒಂದು ಮೂಲವು ವಿವರವಾಗಿರಬೇಕು, ಸ್ವತಂತ್ರವಾಗಿರಬೇಕು, ವಿಶ್ವಾಸಾರ್ಹವಾಗಿರಬೇಕು ಮತ್ತು ಬೇರೆಯವರ ವಿಶ್ಲೇಷಣೆಯಾಗಿರಬೇಕು. ಈ ನಾಲ್ಕೂ ಗುಣ ಒಂದೇ ಮೂಲದಲ್ಲಿ ಇರಬೇಕು. ಒಂದರಲ್ಲಿ ವಿವರ, ಇನ್ನೊಂದರಲ್ಲಿ ಸ್ವಾತಂತ್ರ್ಯ ಎಂದು ಕೂಡಿಸಿ ಲೆಕ್ಕ ಹಾಕುವಂತಿಲ್ಲ. ಅಂತಹ ಮೂಲಗಳೂ ಒಂದಕ್ಕಿಂತ ಹೆಚ್ಚು ಬೇಕು.

ಈಗ ನಿಮ್ಮ ಕೈಯಲ್ಲಿರುವುದನ್ನು ನೋಡೋಣ. ಕಂಪನಿಯ ಜಾಲತಾಣದಿಂದ ಸ್ಥಾಪನೆಯ ವರ್ಷ, ಕೇಂದ್ರ ಕಚೇರಿ ಇರುವ ಊರು ಇಂತಹ ಸಣ್ಣ ಸಂಗತಿಗಳನ್ನು ತೆಗೆದುಕೊಳ್ಳಬಹುದು. ಲೇಖನ ಇರಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಅದು ಏನೂ ಸಹಾಯ ಮಾಡುವುದಿಲ್ಲ. ಸಂದರ್ಶನ ಎಷ್ಟೇ ಉದ್ದವಿರಲಿ, ಸ್ಥಾಪಕರು ಆಡಿದ ಮಾತು ಕಂಪನಿಯ ಮಾತೇ. ಸಂದರ್ಶನ ಮಾಡಿದವರು ತಮ್ಮದೇ ವಿಚಾರಣೆಯಿಂದ ಬರೆದ ಪೀಠಿಕೆಯೋ ಟಿಪ್ಪಣಿಯೋ ಇದ್ದರೆ ಅಷ್ಟು ಭಾಗವನ್ನು ಮಾತ್ರ ಗಣಿಸಬಹುದು. ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ. ಒಂದೇ ವಾಕ್ಯ ಎರಡು ಕಡೆ ಅಕ್ಷರಶಃ ಬಂದಿದ್ದರೆ ಅವು ಎರಡು ಮೂಲಗಳಲ್ಲ, ಒಂದೇ ಪತ್ರಿಕಾ ಹೇಳಿಕೆ. ಹೊಸ ಕಚೇರಿ ತೆರೆದರು, ಹೂಡಿಕೆ ಬಂತು, ಇಂತಹವರೊಂದಿಗೆ ಒಪ್ಪಂದವಾಯಿತು ಎಂಬ ಸುದ್ದಿಗಳು ಎಲ್ಲ ಕಂಪನಿಗಳ ಬಗ್ಗೆಯೂ ಬರುತ್ತವೆ, ಅವುಗಳಿಗೆ ತೂಕವಿಲ್ಲ.

ಇದೇ ಕ್ಷೇತ್ರದಲ್ಲಿ ಲೇಖನಕ್ಕೆ ಅರ್ಹವಾದ ಕಂಪನಿಗಳು ಇಲ್ಲವೆಂದಲ್ಲ. ಡೆರೆಕ್ ಸಿವರ್ಸ್ 1998ರಲ್ಲಿ ಆರಂಭಿಸಿದ ಸಿಡಿ ಬೇಬಿ, ಸ್ವತಂತ್ರ ಸಂಗೀತಗಾರರು ದೊಡ್ಡ ಲೇಬಲ್‌ಗಳ ಹಂಗಿಲ್ಲದೆ ಸಿಡಿ ಮಾರುವ ದಾರಿ ತೆರೆದದ್ದರ ಬಗ್ಗೆ ಹೊರಗಿನವರು ಸಾಕಷ್ಟು ಬರೆದಿದ್ದಾರೆ. ಅದನ್ನು 2008ರಲ್ಲಿ ಸಿಡಿ ತಯಾರಿಸುವ ಡಿಸ್ಕ್ ಮೇಕರ್ಸ್ ಕಂಪನಿ ಕೊಂಡುಕೊಂಡಿತು, 2020ರಲ್ಲಿ ಅದರ ಸಿಡಿ ಅಂಗಡಿ ಮುಚ್ಚಿತು. ಈ ಒಂದೊಂದು ತಿರುವೂ ಚರ್ಚೆಯಾಗಿದೆ. ನನಗೆ ಇನ್ನೂ ಒಳ್ಳೆಯ ಉದಾಹರಣೆ ಎನಿಸುವುದು ಎಡಬ್ಲ್ಯುಎಎಲ್ (AWAL) ಎಂಬ ವಿತರಣಾ ಕಂಪನಿ. 2021ರಲ್ಲಿ ಸೋನಿ ಮ್ಯೂಸಿಕ್ ಅದನ್ನು ಕೋಬಾಲ್ಟ್ ಎಂಬ ಸಂಗೀತ ಕಂಪನಿಯಿಂದ ಕೊಂಡಾಗ, ಇದರಿಂದ ಪೈಪೋಟಿಗೆ ಪೆಟ್ಟು ಬೀಳುತ್ತದೆಯೇ ಎಂದು ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ ತನಿಖೆ ನಡೆಸಿತು. 2022ರಲ್ಲಿ ಒಪ್ಪಿಗೆ ಕೊಟ್ಟಿತು. ಕಂಪನಿಯ ಹಂಗಿಲ್ಲದ ಸಂಸ್ಥೆಯೊಂದು ಅದರ ವ್ಯವಹಾರವನ್ನು ಹೊರಗಿನಿಂದ ಪರೀಕ್ಷಿಸಿತು, ಪತ್ರಿಕೆಗಳು ಆ ಪರೀಕ್ಷೆಯನ್ನು ವಿಶ್ಲೇಷಿಸಿದವು. ಹಾಗೆಯೇ 2024ರ ನವೆಂಬರ್‌ನಲ್ಲಿ ಯೂನಿವರ್ಸಲ್ ಮ್ಯೂಸಿಕ್, ವಿತರಣಾ ಕಂಪನಿಗಳಾದ ಬಿಲೀವ್ ಮತ್ತು ಅದರ ಒಡೆತನದ ಟ್ಯೂನ್‌ಕೋರ್ ವಿರುದ್ಧ ಹಕ್ಕುಸ್ವಾಮ್ಯ ಉಲ್ಲಂಘನೆಯ ಮೊಕದ್ದಮೆ ಹೂಡಿ 50 ಕೋಟಿ ಡಾಲರ್ ಪರಿಹಾರ ಕೇಳಿತು. ಆರೋಪವನ್ನು ಆರೋಪವೆಂದೇ ಬರೆಯಬೇಕು, ಆ ಮಾತು ಬೇರೆ. ಆದರೆ ಆ ಸಂದರ್ಭದಲ್ಲಿ ಬಂದ ಬರಹಗಳನ್ನು ಕಂಪನಿ ತಾನೇ ಬರೆಸಿದ್ದಲ್ಲ.

ನಿಮ್ಮ ಕಂಪನಿಯ ಬಗ್ಗೆ ಇಂತಹ ಬರಹ ಇದೆಯೇ ಹುಡುಕಿ. ಗಾಯಕರ ಪಟ್ಟಿಯ ಬಗ್ಗೆ ಸಂಗೀತ ಮಾಡುವವರೇ ಹೇಳಿದರೆ ಚೆನ್ನ.

ವಿರಾಜಪೇಟೆಯಿಂದ

ನಾನು ಹಾಡು ಮಾಡುವವನು, ಬೇರೆ ಬೇರೆ ವಿತರಕರ ಮೂಲಕ ಬಿಡುಗಡೆ ಮಾಡಿದ್ದೇನೆ. ಆ ಪಟ್ಟಿಯನ್ನು ದಯವಿಟ್ಟು ನಂಬಬೇಡಿ.

ಕೆಲಸ ನಡೆಯುವ ರೀತಿ ಹೀಗೆ: ನಾವು ಧ್ವನಿಕಡತ, ಮುಖಚಿತ್ರ, ಹಾಡು ಬರೆದವರ ಮತ್ತು ರಾಗ ಹಾಕಿದವರ ಹೆಸರುಗಳನ್ನು ಕೊಡುತ್ತೇವೆ. ವಿತರಕರು ಪ್ರತಿ ಧ್ವನಿಮುದ್ರಣಕ್ಕೆ 12 ಅಕ್ಷರ ಮತ್ತು ಅಂಕಿಗಳ ಐಎಸ್‌ಆರ್‌ಸಿ ಎಂಬ ಗುರುತಿನ ಸಂಕೇತವನ್ನು, ಇಡೀ ಬಿಡುಗಡೆಗೆ ಯುಪಿಸಿ ಎಂಬ ಗುರುತಿನ ಸಂಖ್ಯೆಯನ್ನು ಕೊಟ್ಟು ಎಲ್ಲ ತಾಣಗಳಿಗೂ ಕಳುಹಿಸುತ್ತಾರೆ. ಅಲ್ಲಿಂದ ಬಂದ ಹಣದಲ್ಲಿ ಶೇಕಡಾವಾರು ಪಾಲು ಹಿಡಿಯುತ್ತಾರೆ, ಇಲ್ಲವೇ ವರ್ಷಕ್ಕಿಷ್ಟು ಎಂದು ಶುಲ್ಕ ಪಡೆಯುತ್ತಾರೆ. ಇಂತಹ ಸೇವೆಗಳಲ್ಲಿ ಹೆಚ್ಚಿನವು ಹಾಡು ಕೇಳಿ ಕಲಾವಿದರನ್ನು ಆರಿಸುವುದಿಲ್ಲ. ಹಣ ಕಟ್ಟಿ ನಿಯಮ ಪಾಲಿಸಿದರೆ ಮೊದಲ ಬಾರಿ ಹಾಡುವವರೂ ಪ್ರಸಿದ್ಧರೂ ಒಂದೇ ಪಟ್ಟಿಯಲ್ಲಿ ಕೂರುತ್ತಾರೆ. ಒಳ್ಳೆಯ ತೋಟದ ಕಾಫಿ ಸಾಗಿಸಿದ್ದಕ್ಕೆ ಲಾರಿಗೆ ಆ ತೋಟದ ಹೆಸರು ಬರುವುದಿಲ್ಲವಲ್ಲ. ಗಾಯಕರ ಪ್ರಸಿದ್ಧಿ ಗಾಯಕರದ್ದು. ವಿಕಿಪೀಡಿಯವೂ ಅದನ್ನು ಕಂಪನಿಯ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ.

ಇನ್ನೊಂದು ಸಂಗತಿ ನಿಮಗೆ ತಿಳಿದಿರಲೇಬೇಕು. ಹಾಡು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ನನಗೆ ಒಬ್ಬ ವಿತರಕರಿಂದ ಪ್ರಚಾರದ ಯೋಜನೆಯೊಂದು ಬಂತು. ಇಷ್ಟು ಹಣಕ್ಕೆ ಇಷ್ಟು ಸುದ್ದಿತಾಣಗಳಲ್ಲಿ ನಿಮ್ಮ ಬಗ್ಗೆ ಲೇಖನ, ಜೊತೆಗೆ ವಿಕಿಪೀಡಿಯ ಪುಟಕ್ಕೆ ಅಡಿಪಾಯ ಎಂದು ಅದರಲ್ಲಿ ನೇರವಾಗಿಯೇ ಬರೆದಿತ್ತು. ಆ ಲೇಖನಗಳ ಮಾದರಿಯನ್ನೂ ಕಳುಹಿಸಿದ್ದರು. ಹೆಸರು ಬದಲಿಸಿದರೆ ಯಾರಿಗಾದರೂ ಹೊಂದುತ್ತಿತ್ತು. ನನಗೆ ತುಂಬಾ ಸಿಟ್ಟು ಬಂತು. ಕಲಾವಿದರಿಗೆ ಮಾರುವ ಸುದ್ದಿಯನ್ನು ಇಂತಹ ಕಂಪನಿಗಳು ತಮಗಾಗಿಯೂ ಕೊಂಡುಕೊಳ್ಳಬಲ್ಲವು. ನಿಮ್ಮ ಕೈಯಲ್ಲಿರುವ ವರದಿಗಳು ಆ ಜಾತಿಯವೇ ಅಲ್ಲವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಬಾರಿಯಾದರೂ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಗೌರವಧನವಿಲ್ಲ. ಕೊಡವ ತಕ್ಕ್‌ನಂತಹ ಸಣ್ಣ ಭಾಷೆಯ ಹಾಡುಗಳಿಗೆ ಇದು ಬಿಸಿ ತುಪ್ಪ. ಎಷ್ಟೇ ತಾಣಗಳಿಗೆ ಹಾಡು ಹೋಗಿದೆ ಎಂದು ಕಂಪನಿ ಹೇಳಿಕೊಂಡರೂ ಕಲಾವಿದರ ಕೈಗೆ ಏನು ಬಂತು ಎಂಬುದನ್ನು ಯಾರಾದರೂ ಸ್ವತಂತ್ರವಾಗಿ ಬರೆದಿದ್ದರೆ, ನಾನು ಓದಬಯಸುವ ಲೇಖನ ಅದು.

ಕುಶಾಲನಗರದಿಂದ

ಜಿಲ್ಲಾ ವರದಿಗಾರಿಕೆಯಲ್ಲಿದ್ದವಳ ಮಾತು. ಮೇಲೆ ಹೇಳಿದ್ದು ನಿಜ, ಮತ್ತು ಇದು ಹೊಸದೂ ಅಲ್ಲ. ಕಾಸಿಗಾಗಿ ಸುದ್ದಿಯ ಪಿಡುಗಿನ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿಯೇ ವರದಿ ತಂದಿತ್ತು. ಅದರ ಕಾಳಜಿ ಮುಖ್ಯವಾಗಿ ಚುನಾವಣೆಯದ್ದು. ವ್ಯಾಪಾರದ ಸುದ್ದಿಗೂ ಅದು ಹೊಂದುತ್ತದೆ. ಹಾಗಾಗಿ ಪತ್ರಿಕೆಯ ಹೆಸರು ದೊಡ್ಡದೆಂದು ನೆಚ್ಚಿ ಕೂರಬೇಡಿ, ಆ ಒಂದು ಬರಹವನ್ನೇ ನೋಡಿ. ವರದಿಗಾರರ ಹೆಸರಿದೆಯೇ, ಅಥವಾ ಬ್ರ್ಯಾಂಡ್ ಡೆಸ್ಕ್, ಪ್ರಾಯೋಜಿತ ಎಂದಿದೆಯೇ? ಕೊನೆಯಲ್ಲಿ ಸಂಪಾದಕೀಯ ಬಳಗಕ್ಕೆ ಇದರ ಹೊಣೆಯಿಲ್ಲ ಎಂಬ ಸಣ್ಣ ಅಕ್ಷರದ ಸಾಲಿದೆಯೇ? ಮೊಬೈಲಿನಲ್ಲಿ ಆ ಸಾಲು ಕಣ್ತಪ್ಪುವುದು ಸುಲಭ, ಪುಟದ ತಳದವರೆಗೂ ಹೋಗಿ ನೋಡಿ.

ನಾನು ಹೆಚ್ಚು ನಂಬುವ ಗುರುತು ಇನ್ನೊಂದು. ಬರಹದಲ್ಲಿ ಕಂಪನಿಯವರದ್ದಲ್ಲದ ದನಿ ಇದೆಯೇ? ಪ್ರತಿಸ್ಪರ್ಧಿಯೊಬ್ಬರ ಅಭಿಪ್ರಾಯ, ಬೇಸರಗೊಂಡ ಕಲಾವಿದರ ಮಾತು, ಕಂಪನಿ ತಾನಾಗಿ ಹೇಳಿಕೊಳ್ಳದ ಒಂದು ಅಂಕಿ? ಇವುಗಳಲ್ಲಿ ಒಂದಾದರೂ ಇದ್ದರೆ ವರದಿಗಾರರು ಕುರ್ಚಿಯಿಂದ ಎದ್ದು ವಿಚಾರಿಸಿದ್ದಾರೆ ಎಂದು ತಿಳಿಯಬಹುದು. ಸ್ಥಾಪಕರ ಕನಸು, ಸಾಧನೆ, ಮುಂದಿನ ಗುರಿ ಇಷ್ಟೇ ಇದ್ದರೆ ಅದನ್ನು ಪಕ್ಕಕ್ಕಿಡಿ.

ನಾಪೋಕ್ಲಿನಿಂದ

ನನ್ನದು ಭಿನ್ನಾಭಿಪ್ರಾಯ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಗಿದೆ, ಆದರೂ ಇಂಗ್ಲಿಷಿನ ಮುಂದೆ ನಮ್ಮಲ್ಲಿರುವ ಲೇಖನಗಳು ಬಹಳ ಕಡಿಮೆ. ಬರೆಯುವವರೇ ಇಲ್ಲದ ಕಡೆ ಇಷ್ಟೊಂದು ಜರಡಿ ಹಿಡಿದರೆ ಉಳಿಯುವುದೇನು? ಮಳೆಗಾಲದಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಇಲ್ಲದ ಊರಿನಲ್ಲಿ ಕುಳಿತು ಹಾಡು ಕಟ್ಟಿ, ತನ್ನ ಬ್ಯಾಂಕ್ ಖಾತೆಯ ವಿವರವನ್ನು ಕಂಪನಿಗೆ ಒಪ್ಪಿಸುವ ಹುಡುಗಿಗೆ, ಆ ಕಂಪನಿ ಯಾರದು, ಎಲ್ಲಿಯದು ಎಂದು ತನ್ನ ಭಾಷೆಯಲ್ಲಿ ತಿಳಿಯುವ ಹಕ್ಕಿಲ್ಲವೇ? ನಾಲ್ಕು ಸಾಲಾದರೂ ಇರಲಿ ಎಂಬುದು ನನ್ನ ಮನವಿ.

ಮಡಿಕೇರಿಯಿಂದ ಮತ್ತೆ

ಆ ಹುಡುಗಿಯ ವಿಷಯದಲ್ಲಿ ನಿಮ್ಮಷ್ಟೇ ಕಾಳಜಿ ನನಗೂ ಇದೆ, ಅದಕ್ಕಾಗಿಯೇ ಒಪ್ಪಲಾರೆ. ಕಂಪನಿ ತನ್ನ ಬಗ್ಗೆ ಹೇಳಿಕೊಂಡದ್ದನ್ನು ಬಿಟ್ಟು ಬೇರೆ ಮೂಲವಿಲ್ಲದಿದ್ದರೆ ನಾವು ಬರೆಯುವ ನಾಲ್ಕು ಸಾಲೂ ಕಂಪನಿಯ ಸಾಲುಗಳೇ. ವಿಕಿಪೀಡಿಯದಲ್ಲಿದೆ ಎಂಬ ಕಾರಣಕ್ಕೆ ಅವಳು ಅವುಗಳನ್ನು ಇನ್ನಷ್ಟು ನಂಬುತ್ತಾಳೆ. ಹಣ ಸಿಗಲಿಲ್ಲ ಎಂದು ನಾಳೆ ಯಾರಾದರೂ ದೂರಿದರೆ, ಅದನ್ನು ಸೇರಿಸಲು ವಿಶ್ವಾಸಾರ್ಹ ಮೂಲ ಬೇಕು ಎಂದು ನಾವೇ ತಡೆಯಬೇಕಾಗುತ್ತದೆ. ಹೊಗಳಿಕೆ ಒಳಗೆ, ದೂರು ಹೊರಗೆ ಎಂಬ ಲೇಖನ ಅವಳಿಗೆ ಕೆಡುಕನ್ನೇ ಮಾಡುತ್ತದೆ.

ಸಂಖ್ಯೆಯ ವಿಚಾರಕ್ಕೆ ಬಂದರೆ, ಗೂಗಲ್‌ನ ಅನುವಾದ ಯೋಜನೆಯ ಕಾಲದಲ್ಲಿ ಕನ್ನಡಕ್ಕೆ ಬಂದ ಲೇಖನಗಳನ್ನು ಒಮ್ಮೆ ಓದಿ ನೋಡಿ. ಸಂಖ್ಯೆ ಏರಿತು, ಆದರೆ ಅವುಗಳ ಕನ್ನಡವನ್ನು ತಿದ್ದುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟವಾಯಿತು. ಇಂಗ್ಲಿಷಿನಲ್ಲಿ ಇದೆ ಎಂಬುದೂ ಇಲ್ಲಿ ಬರೆಯಲು ಸಾಕಾದ ಕಾರಣವಲ್ಲ; ಪ್ರತಿ ಭಾಷೆಯ ಸಮುದಾಯ ತನ್ನ ತೀರ್ಮಾನ ತಾನೇ ಮಾಡುತ್ತದೆ. ಆದರೆ ಮೂಲಗಳು ಕನ್ನಡದಲ್ಲಿಯೇ ಇರಬೇಕೆಂದಿಲ್ಲ, ಯಾವ ಭಾಷೆಯವಾದರೂ ಆಗುತ್ತದೆ.

ನಾಪೋಕ್ಲಿನವರು ಕೇಳಿದ್ದಕ್ಕೆ ನನ್ನಲ್ಲಿರುವ ಉತ್ತರವೆಂದರೆ ಡಿಜಿಟಲ್ ಸಂಗೀತ ವಿತರಣೆ ಎಂಬ ವಿಷಯದ ಮೇಲೆಯೇ ಕನ್ನಡದಲ್ಲಿ ಒಂದು ಗಟ್ಟಿ ಲೇಖನ ಬರೆಯುವುದು. ಅದಕ್ಕೆ ಮೂಲಗಳ ಕೊರತೆಯಿಲ್ಲ. ಹಾಡು ತಾಣಕ್ಕೆ ಹೋಗುವ ದಾರಿ, ಶುಲ್ಕ ಮತ್ತು ಪಾಲಿನ ವ್ಯತ್ಯಾಸ, ಧ್ವನಿಮುದ್ರಣದ ಹಕ್ಕು ಬೇರೆ, ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಬೇರೆ ಎಂಬುದು, ಹಾಡು ಬರೆದವರ ಮತ್ತು ರಾಗ ಹಾಕಿದವರ ಗೌರವಧನದ ಹಕ್ಕನ್ನು ಬಲಪಡಿಸಿದ 2012ರ ಹಕ್ಕುಸ್ವಾಮ್ಯ ತಿದ್ದುಪಡಿ, ಅವರ ಪರವಾಗಿ ಗೌರವಧನ ಸಂಗ್ರಹಿಸುವ, 1969ರಿಂದ ಇರುವ ಐಪಿಆರ್‌ಎಸ್ ಸಂಸ್ಥೆ, ಎಲ್ಲವೂ ಅದರಲ್ಲಿ ಬರಬಹುದು. ಅದನ್ನು ಓದಿದವರು ಯಾವ ಕಂಪನಿಯ ಕರಾರನ್ನೂ ಕಣ್ಣು ತೆರೆದು ಓದುತ್ತಾರೆ.

ಸೋಮವಾರಪೇಟೆಯಿಂದ

ಒಂದೇ ಮಾತು. ಆ ಕಂಪನಿಯಿಂದ ನಿಮಗೆ ಉಚಿತ ಚಂದಾ, ಹೊಸಬರನ್ನು ಸೇರಿಸಿದ್ದಕ್ಕೆ ಕಮಿಷನ್, ಏನಾದರೂ ಸಿಗುತ್ತಿದ್ದರೆ ಲೇಖನವನ್ನು ನೇರವಾಗಿ ಹಾಕಬೇಡಿ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಲೇಬೇಕೆಂದು ವಿಕಿಮೀಡಿಯ ಫೌಂಡೇಶನ್ 2014ರಿಂದ ಬಳಕೆಯ ಷರತ್ತುಗಳಲ್ಲಿಯೇ ಸೇರಿಸಿದೆ. ಸ್ನೇಹಿತರ ಕಂಪನಿಯಾದರೂ ಚರ್ಚೆ ಪುಟದಲ್ಲಿ ಹೇಳಿಬಿಡುವುದು ಒಳ್ಳೆಯದು.

ಭಾಗಮಂಡಲದಿಂದ

ಕಂಪನಿಗೆ ಮೂಲ ಸಿಗದಿದ್ದರೆ ಹಾಡಿನ ಕಡೆಗೆ ತಿರುಗಿ ಎಂದು ನನ್ನ ಸಲಹೆ. ಬಾಳೋಪಾಟ್ ಎಂಬ ಹಾಡು, ದುಡಿ ಎಂಬ ವಾದ್ಯ, ಉಮ್ಮತ್ತಾಟ್ ಎಂಬ ಮಹಿಳೆಯರ ನೃತ್ಯ ಇವುಗಳ ಕನ್ನಡ ಲೇಖನಗಳು ಇನ್ನೂ ಎಷ್ಟೋ ಬೆಳೆಯಬೇಕು. ನಡಿಕೇರಿಯಂಡ ಚಿಣ್ಣಪ್ಪನವರ ಕೊಡವ ಜನಪದ ಹಾಡುಗಳ ಸಂಗ್ರಹ ಪಟ್ಟೋಲೆ ಪಳಮೆ 1924ರಲ್ಲಿಯೇ ಅಚ್ಚಾಗಿದೆ. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿಗಳ ಪ್ರಕಟಣೆಗಳಿವೆ. 1957ರಿಂದ ಮಡಿಕೇರಿಯಿಂದ ಬರುತ್ತಿರುವ ಶಕ್ತಿ ದಿನಪತ್ರಿಕೆಯ ಹಳೆಯ ಸಂಚಿಕೆಗಳಿವೆ. ಇಂದಿನ ಗಾಯಕರ ಬಗ್ಗೆ ವಿವರವಾದ ಬರಹಗಳು ಅಲ್ಲಿ ಸಿಕ್ಕರೆ, ಕಂಪನಿಗಿಂತ ಮೊದಲು ಆ ಗಾಯಕರಿಗೇ ಲೇಖನ ಸಲ್ಲಬಹುದು.

ಪೊನ್ನಂಪೇಟೆಯಿಂದ

ಎಲ್ಲರಿಗೂ ಧನ್ಯವಾದ. ಹೇಳಿದಂತೆ ವರದಿಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಬಹುಪಾಲು ಒಂದೇ ಪತ್ರಿಕಾ ಹೇಳಿಕೆಯ ಪ್ರತಿಗಳು. ಒಂದರ ತಳದಲ್ಲಿ ಕುಶಾಲನಗರದವರು ಹೇಳಿದ ಸಣ್ಣ ಅಕ್ಷರದ ಸಾಲೂ ಇತ್ತು. ಸಂಗೀತೋದ್ಯಮದ ಪತ್ರಿಕೆಯೊಂದರಲ್ಲಿ ಮಾತ್ರ, ಹಣ ತಡವಾದ ಕಲಾವಿದರನ್ನೂ ಮಾತನಾಡಿಸಿ ಬರೆದ ನಿಜವಾದ ವರದಿ ಸಿಕ್ಕಿದೆ. ಅದೊಂದೇ ಸಾಲುವುದಿಲ್ಲ. ಹಾಗಾಗಿ ಆ ಕಂಪನಿಯ ಲೇಖನವನ್ನು ಈಗ ಬರೆಯುವುದಿಲ್ಲ. ಆ ವರದಿಯ ಕೊಂಡಿಯನ್ನು ನನ್ನ ಪ್ರಯೋಗಪುಟದಲ್ಲಿ ಇಟ್ಟುಕೊಂಡಿದ್ದೇನೆ, ಇನ್ನೂ ಇಂತಹವು ಬಂದರೆ ಸೇರಿಸುತ್ತೇನೆ. ಕಂಪನಿಯಿಂದ ನನಗೆ ಯಾವ ಲಾಭವೂ ಇಲ್ಲ.

ಡಿಜಿಟಲ್ ಸಂಗೀತ ವಿತರಣೆಯ ಲೇಖನವನ್ನು ಆರಂಭಿಸುತ್ತೇನೆ, ಕರಡು ಸಿದ್ಧವಾದಾಗ ಕನ್ನಡ ವಿಕಿಪೀಡಿಯದ ಸಮುದಾಯ ಚರ್ಚೆಯ ಪುಟವಾದ ಅರಳಿ ಕಟ್ಟೆಯಲ್ಲಿ ತಿಳಿಸುತ್ತೇನೆ. ವಿರಾಜಪೇಟೆಯವರು ಹಕ್ಕು ಮತ್ತು ಪಾಲಿನ ಭಾಗವನ್ನು ಓದಿ ತಿದ್ದಬೇಕು. ಕರಾರು ಮುಗಿದ ಮೇಲೆ ಹಾಡು ತಾಣಗಳಿಂದ ಇಳಿದುಹೋಗುತ್ತದೆಯೇ, ಹಳೆಯ ಐಎಸ್‌ಆರ್‌ಸಿ ಸಂಕೇತವನ್ನೇ ಹೊಸ ವಿತರಕರಲ್ಲಿ ಮುಂದುವರಿಸಬಹುದೇ ಎಂಬುದನ್ನು ವಿವರಿಸುವ ಅಚ್ಚಾದ ಬರಹ ಯಾರ ಬಳಿಯಾದರೂ ಇದ್ದರೆ ತಿಳಿಸಿ.